ಉರಿಯೂತದ ಜಾಡು ಹಿಡಿದು: ರೋಗಿಯನ್ನು ಕಾಣದ ವೈದ್ಯಸೇವೆ

ಪ್ರತಿ ವರ್ಷ ವೈದ್ಯಕೀಯ ಪ್ರವೇಶ ಪರೀಕ್ಷೆಯ ಫಲಿತಾಂಶ ಪ್ರಕಟವಾದ ಮೇಲೆ ನಮ್ಮ ಚಿಕಿತ್ಸಾಲಯಕ್ಕೆ ಬೇರೊಂದು ಬಗೆಯ ಜನ ಬರತೊಡಗುತ್ತಾರೆ. ಅವರಿಗೆ ಕಾಯಿಲೆ ಏನೂ ಇರುವುದಿಲ್ಲ. ಜಾತ್ರೆಯಲ್ಲಿಯೋ ದಾಸೋಹದ ಪಂಕ್ತಿಯಲ್ಲಿಯೋ ಪರಿಚಯವಾದವರು. ಮಗನನ್ನೋ ಮಗಳನ್ನೋ ಜೊತೆಗೆ ಕರೆತಂದಿರುತ್ತಾರೆ. “ವೈದ್ಯರೆ, ಅಂಕಗಳು ಕಡಿಮೆ ಬಿದ್ದವು. ಎಂ.ಬಿ.ಬಿ.ಎಸ್. ಸೀಟು ಸಿಗುವಂತಿಲ್ಲ. ರೋಗಿಗಳ ಸೇವೆ ಮಾಡಬೇಕೆಂದು ಮಗುವಿನ ಆಸೆ. ಮುಂದೇನು ಓದಿಸುವುದು?” ಎಂಬುದು ಅವರ ಪ್ರಶ್ನೆ. ಪಕ್ಕದಲ್ಲಿ ಕುಳಿತ ಮಗು ತಲೆ ತಗ್ಗಿಸಿಕೊಂಡಿರುತ್ತದೆ, ಏನೋ ಅಪರಾಧ ಮಾಡಿದಂತೆ.

ಈ ಪ್ರಶ್ನೆಗೆ ಒಂದು ಉತ್ತರವನ್ನು ಈ ಸಂಚಿಕೆಯಲ್ಲಿ ವಿಸ್ತಾರವಾಗಿ ಬರೆಯಬೇಕೆನಿಸಿದೆ. ರೋಗಿಯ ಸೇವೆಗೆ ವೈದ್ಯನಾಗುವುದೊಂದೇ ದಾರಿ ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ನಾವು ನಾಡಿ ಹಿಡಿದು ನೋಡುವ ರೋಗಿಗೆ ಆಗುವ ಉಪಕಾರದಲ್ಲಿ ದೊಡ್ಡ ಪಾಲು, ಆ ರೋಗಿಯ ಮುಖವನ್ನೇ ಎಂದೂ ಕಾಣದವರದು. ಅವರಲ್ಲಿ ಕೆಲವರು ರಕ್ತದ ನಳಿಕೆಯ ಮುಂದೆ ಕುಳಿತಿರುತ್ತಾರೆ, ಕೆಲವರು ಸೂಕ್ಷ್ಮದರ್ಶಕದ ಮುಂದೆ, ಇನ್ನು ಕೆಲವರು ಕಂಪ್ಯೂಟರಿನ ಪರದೆಯ ಮುಂದೆ. ಉರಿಯೂತದ ರೋಗಗಳ ಚಿಕಿತ್ಸೆಯಲ್ಲಿ ಕಳೆದ ನಾಲ್ಕು ದಶಕಗಳಲ್ಲಿ ಆದ ಬದಲಾವಣೆಯನ್ನು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ.

ಮೊದಲು ಉರಿಯೂತವೆಂದರೇನು ಎಂಬುದನ್ನು ಸ್ಥೂಲವಾಗಿ ಹೇಳಬೇಕು. ಮುಳ್ಳು ಚುಚ್ಚಿದ ಬೆರಳು ಕೆಂಪಾಗುತ್ತದೆ, ಊದುತ್ತದೆ, ಬಿಸಿಯಾಗುತ್ತದೆ, ನೋಯುತ್ತದೆ. ಈ ನಾಲ್ಕು ಲಕ್ಷಣಗಳನ್ನು ಕ್ರಿಸ್ತಶಕದ ಮೊದಲ ಶತಮಾನದಲ್ಲಿಯೇ ರೋಮಿನ ಸೆಲ್ಸಸ್ ದಾಖಲಿಸಿದ್ದಾನೆ. ನಮ್ಮ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಶೋಥಕ್ಕೆಂದೇ ಒಂದು ಅಧ್ಯಾಯವಿದೆ. ಶರೀರವು ತನ್ನನ್ನು ಕಾಪಾಡಿಕೊಳ್ಳಲು ಹೂಡುವ ಹೋರಾಟವೇ ಉರಿಯೂತ. ಮುಳ್ಳು ಹೊರಬಿದ್ದ ಮೇಲೆ ಅದು ತಣ್ಣಗಾಗಬೇಕು. ತಣ್ಣಗಾಗದೆ, ಶತ್ರುವಿಲ್ಲದ ಕಡೆಯಲ್ಲಿಯೂ ಉರಿಯುತ್ತಲೇ ಇದ್ದರೆ, ರಕ್ಷಿಸಬೇಕಾದ ಪಡೆಯೇ ಮನೆಯನ್ನು ಸುಡುತ್ತದೆ. ಕೀಲುಗಳ ಒಳಪದರದಲ್ಲಿ ಹೀಗಾದರೆ ರುಮಟಾಯ್ಡ್ ಸಂಧಿವಾತ, ಚರ್ಮದಲ್ಲಾದರೆ ಸೋರಿಯಾಸಿಸ್, ಕರುಳಿನಲ್ಲಾದರೆ ಕ್ರೋನ್ಸ್ ರೋಗ ಅಥವಾ ಅಲ್ಸರೇಟಿವ್ ಕೊಲೈಟಿಸ್. ಮಾಧವನಿದಾನದಲ್ಲಿ ಪ್ರತ್ಯೇಕ ಅಧ್ಯಾಯವಾಗಿ ಬಂದಿರುವ ಆಮವಾತವನ್ನು ಇಂದಿನ ಆಯುರ್ವೇದ ವೈದ್ಯರು ಈ ರುಮಟಾಯ್ಡ್ ಸಂಧಿವಾತದೊಡನೆ ಹೋಲಿಸಿ ನೋಡುವುದು ವಾಡಿಕೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 80 ಲಕ್ಷ ಜನರಿಗೆ ಈ ಒಂದು ಸಂಧಿವಾತವಿತ್ತು. ಅವರಲ್ಲಿ ಶೇಕಡಾ 70ರಷ್ಟು ಮಹಿಳೆಯರು. ರೊಟ್ಟಿ ಬಡಿಯಲಾಗದ, ಬೆಳಗ್ಗೆ ಎದ್ದು ಒಂದು ತಾಸು ಮುಷ್ಟಿ ಕಟ್ಟಲಾಗದ ತಾಯಂದಿರನ್ನು ನಮ್ಮ ಓದುಗರಲ್ಲಿ ನೋಡದವರು ಯಾರೂ ಇರಲಾರರು.

ಇಂಥ ತಾಯಿ ವೈದ್ಯರ ಬಳಿಗೆ ಬಂದಾಗ ಬರೆದುಕೊಡುವ ಮೊದಲ ಪರೀಕ್ಷೆಗಳಲ್ಲಿ ಇ.ಎಸ್.ಆರ್. ಒಂದು. ನೋಡಲು ಬಹಳ ಸರಳ. ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ, ವೆಸ್ಟರ್‌ಗ್ರೆನ್ ನಳಿಕೆಯೆಂಬ ಸಣ್ಣ ಗಾಜಿನ ಕೊಳವೆಯಲ್ಲಿ ತುಂಬಿ, ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ಓದುವುದು. ಆದರೆ ಆ ‘ನೆಟ್ಟಗೆ’ ಎಂಬ ಮಾತಿನಲ್ಲಿಯೇ ಎಲ್ಲವೂ ಇದೆ. ನಳಿಕೆ ಕೇವಲ 3 ಡಿಗ್ರಿಯಷ್ಟು ವಾಲಿದರೂ ಫಲಿತಾಂಶದಲ್ಲಿ ಶೇಕಡಾ 30ರಷ್ಟು ವ್ಯತ್ಯಾಸ ಬರಬಹುದು. ಅದೇ ಮೇಜಿನ ಮೇಲೆ ಯಂತ್ರವೊಂದು ನಡುಗುತ್ತಿದ್ದರೂ, ಬಿಸಿಲು ನೇರವಾಗಿ ಬೀಳುತ್ತಿದ್ದರೂ ಅಂಕಿ ಬದಲಾಗುತ್ತದೆ. ಒಂದು ವಾರದ ಅಂತರದಲ್ಲಿ ಮೂರು ಕಡೆ ಪರೀಕ್ಷೆ ಮಾಡಿಸಿ, ಒಂದಕ್ಕೊಂದು ತಾಳೆಯಾಗದ ಮೂರು ವರದಿಗಳನ್ನು ಕೈಚೀಲದಿಂದ ತೆಗೆದು ನಮ್ಮ ಮೇಜಿನ ಮೇಲೆ ಹರವಿದ ರೈತ ಮಹಿಳೆಯೊಬ್ಬರು ನಮಗೆ ಇಂದಿಗೂ ನೆನಪಿದ್ದಾರೆ. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು: “ಇದರೊಳಗ ಖರೇ ಯಾವುದರಿ?” ಆ ಪ್ರಶ್ನೆಗೆ ಉತ್ತರ ವೈದ್ಯನ ಬುದ್ಧಿಯಲ್ಲಿಲ್ಲ, ನಳಿಕೆಯನ್ನು ನಿಲ್ಲಿಸಿದವನ ಕೈಯಲ್ಲಿದೆ.

ಯಾವ ಕಾಯಕವೂ ಕೀಳಲ್ಲವೆಂದು ಗೋಷ್ಠಿಗಳಲ್ಲಿ ತಲೆದೂಗುವ ನಾವೇ, ಮಗಳು ‘ಲ್ಯಾಬ್ ಟೆಕ್ನಿಶಿಯನ್ ಆಗುತ್ತೇನೆ’ ಎಂದರೆ ಮುಖ ಸಿಂಡರಿಸುತ್ತೇವೆ. ರಕ್ತ, ಕಫ, ಮೂತ್ರ ಮುಟ್ಟುವ ಕೆಲಸವೆಂಬ ತಾತ್ಸಾರ ಒಂದು ಕಡೆ, ಡಾಕ್ಟರ ಕೈಕೆಳಗಿನ ಕೆಲಸವೆಂಬ ಅಳುಕು ಇನ್ನೊಂದು ಕಡೆ. ಈ ತಾತ್ಸಾರಕ್ಕೆ ಆಧಾರವಿಲ್ಲವೆಂಬುದನ್ನು ತೋರಿಸಲು ಲಂಡನ್ ನಗರದಲ್ಲಿ ನಡೆದ ಒಂದು ವೃತ್ತಾಂತವನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ.

1980ರ ದಶಕದಲ್ಲಿ ರುಮಟಾಯ್ಡ್ ಸಂಧಿವಾತಕ್ಕೆ ಇದ್ದ ಔಷಧಿಗಳು ಕೆಲವೇ. ಬಹಳಷ್ಟು ರೋಗಿಗಳ ಕೀಲುಗಳು ಕಣ್ಣೆದುರಿಗೇ ಸವೆದು ಸೊಟ್ಟಗಾಗುತ್ತಿದ್ದವು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಎಂಬ ರೋಗನಿರೋಧಕ ವಿಜ್ಞಾನಿಯೂ, ರವೀಂದರ್ ಮೈನಿ ಎಂಬ ಸಂಧಿವಾತ ತಜ್ಞರೂ ಜೊತೆಗೂಡಿ ಕೆಲಸ ಆರಂಭಿಸಿದರು. ಮೈನಿಯವರು ನಮ್ಮ ಪಂಜಾಬಿನ ಲುಧಿಯಾನದಲ್ಲಿ 1937ರಲ್ಲಿ ಹುಟ್ಟಿದವರು. ಇಬ್ಬರಲ್ಲಿ ಒಬ್ಬರ ಕಾರ್ಯಕ್ಷೇತ್ರ ಮುಖ್ಯವಾಗಿ ಪ್ರಯೋಗಾಲಯ, ಇನ್ನೊಬ್ಬರದು ರೋಗಿಯ ಹಾಸಿಗೆಯ ಬಳಿ. ಶಸ್ತ್ರಚಿಕಿತ್ಸೆಯ ವೇಳೆ ರೋಗಿಗಳ ಕೀಲಿನಿಂದ ತೆಗೆದ ಊದಿದ ಪದರವನ್ನು ಎಸೆಯದೆ, ಪ್ರಯೋಗಾಲಯಕ್ಕೆ ತಂದು, ಅದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಕೆಲವು ದಿನ ಬದುಕಿಸಿಟ್ಟು ಗಮನಿಸುವುದು ಅವರ ಕ್ರಮವಾಗಿತ್ತು. ಆ ಕೋಶಗಳು ಶರೀರದಿಂದ ಬೇರ್ಪಟ್ಟ ಮೇಲೂ, ಯಾರೂ ಕೆಣಕದಿದ್ದರೂ, ಸೈಟೊಕೈನ್ ಎಂಬ ಉರಿಯೂತದ ಸಂದೇಶವಾಹಕ ಪ್ರೋಟೀನುಗಳನ್ನು ಹೊರಸೂಸುತ್ತಲೇ ಇದ್ದವು.

ಇಂಥ ಸಂದೇಶವಾಹಕಗಳು ಒಂದಲ್ಲ, ಹಲವಾರು. ಆದುದರಿಂದ ಒಂದನ್ನು ತಡೆದರೆ ಇನ್ನೊಂದು ಅದರ ಕೆಲಸ ಮಾಡುತ್ತದೆ, ಪ್ರಯೋಜನವಿಲ್ಲ ಎಂಬುದು ಅಂದಿನ ಅನೇಕ ವಿದ್ವಾಂಸರ ಅಭಿಪ್ರಾಯ. ಆ ತಂಡದಲ್ಲಿ ಫಿಯೊನುಲಾ ಬ್ರೆನನ್ ಎಂಬ ತರುಣಿ ಸಂಶೋಧಕಿಯಿದ್ದರು. ಟಿ.ಎನ್.ಎಫ್. ಎಂಬ ಒಂದು ಸೈಟೊಕೈನನ್ನು ಮಾತ್ರ ತಡೆಯುವ ಪ್ರತಿಕಾಯವನ್ನು ಆ ಗಾಜಿನ ತಟ್ಟೆಗಳಿಗೆ ಹಾಕಿದಾಗ, ಇಂಟರ್‌ಲ್ಯೂಕಿನ್-1 ಎಂಬ ಮತ್ತೊಂದು ಉರಿಯೂತಕಾರಕದ ಉತ್ಪತ್ತಿಯೂ ಕುಗ್ಗಿತು. ಅಂದರೆ ಇವೆಲ್ಲ ಅಕ್ಕಪಕ್ಕ ನಿಂತ ಸಮಾನರಲ್ಲ. ಒಂದರ ಬೆನ್ನಿಗೆ ಒಂದು ನಡೆಯುವ ಸಾಲು, ಟಿ.ಎನ್.ಎಫ್. ಆ ಸಾಲಿನ ಮುಂಚೂಣಿಯಲ್ಲಿದೆ. ಮುಂದಿನ ದನವನ್ನು ನಿಲ್ಲಿಸಿದರೆ ಹಿಂದಿನವೂ ನಿಲ್ಲುತ್ತವೆ ಎಂಬುದು ದನ ಕಾಯ್ದವರಿಗೆ ಗೊತ್ತಿರುವ ಸಂಗತಿ. 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಈ ಬರಹದಲ್ಲಿ ಮೊದಲ ಹೆಸರು ಬ್ರೆನನ್ ಅವರದು. ಅವರು ರೋಗಿಗೆ ಔಷಧಿ ಕೊಡುವ ವೈದ್ಯೆಯಲ್ಲ, ಪ್ರಯೋಗಾಲಯದ ವಿಜ್ಞಾನಿ.

ಮುಂದೆ 1992ರಲ್ಲಿ ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ, ಬೇರೆ ಯಾವ ಔಷಧಿಗೂ ಬಗ್ಗದ 20 ರೋಗಿಗಳಿಗೆ ಈ ಪ್ರತಿಕಾಯವನ್ನು ಕೊಡಲಾಯಿತು. ಅವರಲ್ಲಿ ಕಂಡ ಸುಧಾರಣೆ ಎಲ್ಲರನ್ನೂ ಬೆರಗುಗೊಳಿಸಿತು. ಆದರೆ ಇಲ್ಲಿಯೇ ದತ್ತಾಂಶದವರ ಕೆಲಸ ಆರಂಭವಾಗುತ್ತದೆ. ರೋಗಿಗೂ ವೈದ್ಯನಿಗೂ ‘ಹೊಸ ಔಷಧಿ’ ಎಂಬ ನಂಬಿಕೆಯಿದ್ದರೆ ಆ ನಂಬಿಕೆಯೇ ನೋವನ್ನು ತಗ್ಗಿಸಬಲ್ಲದು. ಆದ್ದರಿಂದ ಯುರೋಪಿನ ನಾಲ್ಕು ಕೇಂದ್ರಗಳಲ್ಲಿ 73 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, ಯಾರಿಗೆ ಯಾವುದು ಹೋಯಿತೆಂದು ಕೊಟ್ಟವರಿಗೂ ತೆಗೆದುಕೊಂಡವರಿಗೂ ತಿಳಿಯದಂತೆ ಪರೀಕ್ಷಿಸಲಾಯಿತು. ನಾಲ್ಕು ವಾರಗಳ ಮೇಲೆ ಲೆಕ್ಕ ಹಾಕಿದಾಗ, ಹೆಚ್ಚಿನ ಪ್ರಮಾಣದ ಔಷಧಿ ಪಡೆದ 24 ಜನರಲ್ಲಿ 19 ಮಂದಿಗೆ ಗುಣ ಕಂಡಿತ್ತು. ಕಡಿಮೆ ಪ್ರಮಾಣ ಪಡೆದ 25ರಲ್ಲಿ 11 ಮಂದಿಗೆ. ಔಷಧಿಯೇ ಇಲ್ಲದ ದ್ರವವನ್ನು ಪಡೆದ 24ರಲ್ಲಿ 2 ಮಂದಿಗೆ. 1994ರಲ್ಲಿ ಈ ಅಂಕಿಗಳು ಅಚ್ಚಾದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ.

ಆ ಕೊನೆಯ ‘2’ನ್ನು ನಾವು ಬಹಳ ಗೌರವದಿಂದ ನೋಡುತ್ತೇವೆ. ಏನನ್ನೂ ಕೊಡದೆಯೂ ಇಬ್ಬರು ಚೇತರಿಸಿಕೊಂಡರು! ನಮ್ಮಂಥ ವೈದ್ಯರು ‘ನಮ್ಮ ಕಷಾಯದಿಂದ ಗುಣವಾಯಿತು’ ಎಂದು ಹೇಳುವಾಗಲೆಲ್ಲ ಈ ಇಬ್ಬರನ್ನು ಸ್ಮರಿಸಬೇಕು. 19, 11, 2 ಎಂಬ ಮೂರು ಅಂಕಿಗಳನ್ನು ಪ್ರಾಮಾಣಿಕವಾಗಿ ಎಣಿಸಿ ಪಕ್ಕಪಕ್ಕದಲ್ಲಿಟ್ಟವರು ಇಲ್ಲದಿದ್ದರೆ, ಇನ್‌ಫ್ಲಿಕ್ಸಿಮ್ಯಾಬ್ ಎಂಬ ಆ ಔಷಧಿ ಒಂದು ವದಂತಿಯಾಗಿ ಉಳಿಯುತ್ತಿತ್ತು. ಮೈನಿ ಮತ್ತು ಫೆಲ್ಡ್‌ಮನ್ ಅವರಿಗೆ 2003ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ದೊರೆಯಿತು. ಎಣಿಸಿದವರ ಹೆಸರು ಹೆಚ್ಚಿನವರಿಗೆ ಗೊತ್ತಿಲ್ಲ.

ಔಷಧಿ ಮಾರುಕಟ್ಟೆಗೆ ಬಂದ ಮೇಲೆಯೂ ಎಣಿಕೆ ನಿಲ್ಲಲಿಲ್ಲವೆಂಬುದು ನಮ್ಮ ದೇಶದವರು ವಿಶೇಷವಾಗಿ ತಿಳಿಯಬೇಕಾದ ವಿಷಯ. ಔಷಧಿಗಳ ದುಷ್ಪರಿಣಾಮದ ಬಗ್ಗೆ ಅಮೆರಿಕದ ಔಷಧ ಇಲಾಖೆಗೆ ಬಂದು ಬಿದ್ದಿದ್ದ ವರದಿಗಳ ರಾಶಿಯನ್ನು ಸೋಸಿ ನೋಡಿದವರು 2001ರಲ್ಲಿ ಒಂದು ಎಚ್ಚರಿಕೆಯ ಮಾತು ಬರೆದರು: ಇನ್‌ಫ್ಲಿಕ್ಸಿಮ್ಯಾಬ್ ಪಡೆದವರಲ್ಲಿ 70 ಜನರಿಗೆ ಕ್ಷಯರೋಗ ಕಾಣಿಸಿಕೊಂಡಿದೆ, ಬಹುಪಾಲು ಔಷಧಿ ಆರಂಭಿಸಿದ ಕೆಲವೇ ವಾರಗಳಲ್ಲಿ. ಟಿ.ಎನ್.ಎಫ್. ಕೇವಲ ಖಳನಾಯಕನಲ್ಲ; ಶರೀರದಲ್ಲಿ ಮಲಗಿರುವ ಕ್ಷಯದ ಕ್ರಿಮಿಯನ್ನು ಕಟ್ಟಿಹಾಕಿದ ಕಾವಲುಗಾರನೂ ಹೌದು. ಕಾವಲುಗಾರನನ್ನು ಕಳುಹಿಸಿದರೆ ಕಳ್ಳ ಏಳುತ್ತಾನೆ. ಇಂದು ಈ ಚುಚ್ಚುಮದ್ದು ಕೊಡುವ ಮುನ್ನ ಕ್ಷಯದ ಪರೀಕ್ಷೆ ಮಾಡುವುದಕ್ಕೆ ಆ 70 ವರದಿಗಳನ್ನು ಓದಿದವರೇ ಕಾರಣ. ನಮ್ಮ ಓದುಗರಲ್ಲಿ ಯಾರಿಗಾದರೂ ಇಂಥ ಚುಚ್ಚುಮದ್ದನ್ನು ಸಲಹೆ ಮಾಡಿದ್ದರೆ, ಆ ಪರೀಕ್ಷೆ ಆಗಿದೆಯೇ ಎಂದು ಕೇಳಿ ತಿಳಿಯಲು ಸಂಕೋಚಪಡಬಾರದು.

ದತ್ತಾಂಶದ ಮಹತ್ವಕ್ಕೆ ಇನ್ನೊಂದು ನಿದರ್ಶನವನ್ನು ಕೊರೋನಾ ಕಾಲ ನಮ್ಮೆಲ್ಲರ ಮನೆಬಾಗಿಲಿಗೆ ತಂದಿತು. ಆ ರೋಗದ ತೀವ್ರ ಹಂತದಲ್ಲಿ ಶ್ವಾಸಕೋಶವನ್ನು ಕೆಡಿಸುತ್ತಿದ್ದುದು ವೈರಾಣುವಿಗಿಂತ ಹೆಚ್ಚಾಗಿ ಶರೀರದ್ದೇ ಹತೋಟಿ ತಪ್ಪಿದ ಉರಿಯೂತ. ಡೆಕ್ಸಾಮೆಥಸೋನ್ ಎಂಬ ಅಗ್ಗದ, ಹಳೆಯ ಸ್ಟೀರಾಯ್ಡ್ ಅದನ್ನು ತಗ್ಗಿಸಬಲ್ಲದೇ ಎಂಬುದರ ಬಗ್ಗೆ ವೈದ್ಯರಲ್ಲಿ ಎರಡು ಪಂಗಡಗಳಿದ್ದವು. ಬ್ರಿಟನ್ನಿನ ‘ರಿಕವರಿ’ ಅಧ್ಯಯನ 2020ರಲ್ಲಿ 6,425 ರೋಗಿಗಳ ಲೆಕ್ಕವನ್ನು ಮುಂದಿಟ್ಟಿತು. ಕೃತಕ ಉಸಿರಾಟದಲ್ಲಿದ್ದವರಲ್ಲಿ 28 ದಿನಗಳೊಳಗಿನ ಸಾವು ಶೇಕಡಾ 41.4ರಿಂದ 29.3ಕ್ಕೆ ಇಳಿದಿತ್ತು. ಆಮ್ಲಜನಕ ಮಾತ್ರ ಪಡೆಯುತ್ತಿದ್ದವರಲ್ಲಿ 26.2ರಿಂದ 23.3ಕ್ಕೆ. ಆಮ್ಲಜನಕದ ಅಗತ್ಯವೇ ಇಲ್ಲದವರಲ್ಲಿ ಯಾವ ಲಾಭವೂ ಕಾಣಲಿಲ್ಲ. ಸಾವು 14ರ ಬದಲು 17.8 ಇತ್ತು, ಆ ಏರಿಕೆ ಆಕಸ್ಮಿಕವಾಗಿರಲೂಬಹುದು. ಒಂದೇ ಗುಳಿಗೆ, ಒಂದೇ ರೋಗ. ಹಂತ ಬೇರೆಯಾದರೆ ಫಲ ಬೇರೆ. ಮರುವರ್ಷ ಎರಡನೆಯ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಔಷಧಿ ಅಂಗಡಿಯಿಂದ ಇದೇ ಸ್ಟೀರಾಯ್ಡ್ ತಂದು ನುಂಗಿದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಸಕ್ಕರೆ ಕಾಯಿಲೆಯೂ ಸ್ಟೀರಾಯ್ಡೂ ಕೂಡಿದಲ್ಲಿ ಕಪ್ಪು ಶಿಲೀಂಧ್ರ ಎಷ್ಟು ಮನೆಗಳಿಗೆ ನುಗ್ಗಿತೆಂಬುದನ್ನು ಮತ್ತೆ ಹೇಳಬೇಕಿಲ್ಲ.

ಇಷ್ಟು ಕೇಳಿದ ಮೇಲೆ ಭಕ್ತರಲ್ಲಿ ಅನೇಕರು ನಮ್ಮನ್ನು ಒಂದು ಮಾತು ಕೇಳುವುದುಂಟು, ದನಿ ತಗ್ಗಿಸಿ: “ಆ ಕೆಲಸದಲ್ಲಿ ಇಲಿ, ಮೊಲಗಳನ್ನು ಕೊಲ್ಲಬೇಕಂತಲ್ಲ?” ದಯೆಯನ್ನು ಮನೆಯಲ್ಲಿ ಕಲಿತ ಮಕ್ಕಳಿಗೆ ಇದು ನಿಜವಾದ ತೊಡಕು, ಇದನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಮೇಲೆ ಹೇಳಿದ ಸಂಧಿವಾತದ ಔಷಧಿಯೂ ಮನುಷ್ಯರಿಗೆ ಮುಟ್ಟುವ ಮೊದಲು ಇಲಿಗಳ ಮೇಲಿನ ಪ್ರಯೋಗವನ್ನು ಹಾದುಬಂದಿದೆ. ಇದನ್ನು ಮುಚ್ಚಿಟ್ಟು ಮಾತಾಡಲಾಗದು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಅಡಿಯಲ್ಲಿ ರಚಿತವಾದ ಸಮಿತಿಯ ನಿಯಮಗಳಿವೆ; ಸಂಸ್ಥೆಯ ನೀತಿಸಮಿತಿ ಒಪ್ಪದೆ ಪ್ರಾಣಿಪ್ರಯೋಗ ನಡೆಯುವಂತಿಲ್ಲ. ಬೇರೆ ದಾರಿಯಿದ್ದರೆ ಪ್ರಾಣಿಯನ್ನು ಬಳಸಬಾರದು, ಬಳಸಿದರೆ ಸಂಖ್ಯೆ ಕಡಿಮೆಯಿರಬೇಕು, ನೋವು ಕಡಿಮೆಯಿರಬೇಕು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಇಂಗ್ಲೆಂಡಿನಲ್ಲಿ 1959ರಲ್ಲಿಯೇ ಮಂಡಿಸಿದ್ದರು. ಹೊಸ ಔಷಧಿಗಳ ಪರೀಕ್ಷೆಯಲ್ಲಿ ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮಾದರಿಗಳನ್ನೂ ಕಂಪ್ಯೂಟರ್ ಮಾದರಿಗಳನ್ನೂ ಒಪ್ಪಲು ಭಾರತ ಸರ್ಕಾರ 2023ರಲ್ಲಿ ನಿಯಮಕ್ಕೆ ತಿದ್ದುಪಡಿ ತಂದಿದೆ. ಬ್ರೆನನ್ ಅವರ ಗಾಜಿನ ತಟ್ಟೆಯಲ್ಲಿದ್ದುದು ರೋಗಿಗಳು ಕೊಟ್ಟ ಅಂಗಾಂಶ, ಇಲಿಯದಲ್ಲ. ಸಂಖ್ಯಾಶಾಸ್ತ್ರದವರೂ ದತ್ತಾಂಶ ವಿಶ್ಲೇಷಕರೂ ಪ್ರಾಣಿಯನ್ನು ಮುಟ್ಟುವ ಪ್ರಸಂಗವೇ ಬರುವುದಿಲ್ಲ. ಹೀಗೆ ಒಳಗೇ ಹಲವು ಕವಲುಗಳಿರುವುದರಿಂದ, ಯಾವುದು ತನ್ನ ಮನಸ್ಸಿಗೆ ಒಗ್ಗುತ್ತದೆಂಬುದನ್ನು ಆ ತರುಣ ತರುಣಿಯರೇ ಆರಿಸಿಕೊಳ್ಳಬಹುದು. ತಂದೆತಾಯಿಗಳು ಅವರ ಪರವಾಗಿ ಈ ನಿರ್ಣಯ ಮಾಡಬಾರದೆಂಬುದು ನಮ್ಮ ಅಭಿಪ್ರಾಯ.

ಆಯುರ್ವೇದದವರಾಗಿ ನಾವು ಪ್ರಯೋಗಾಲಯದ ಪರ ಇಷ್ಟೊಂದು ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಪದ್ಧತಿಗೇ ಈ ಕೆಲಸಗಾರರ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿದೆ. ಕೊಯಮತ್ತೂರಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 43 ರುಮಟಾಯ್ಡ್ ರೋಗಿಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಆಯುರ್ವೇದ, ಒಂದಕ್ಕೆ ಮೆಥೊಟ್ರೆಕ್ಸೇಟ್, ಮತ್ತೊಂದಕ್ಕೆ ಎರಡನ್ನೂ 36 ವಾರ ಕೊಟ್ಟು ನೋಡಲಾಯಿತು. ಆಯುರ್ವೇದದಲ್ಲಿ ಪ್ರತಿ ರೋಗಿಗೂ ಪ್ರಕೃತಿಗೆ ತಕ್ಕಂತೆ ಔಷಧಿ ಬದಲಾಗುತ್ತದೆ, ಆದುದರಿಂದ ಇಂಥ ಪರೀಕ್ಷೆ ಅಸಾಧ್ಯ ಎಂದು ನಮ್ಮವರು ಹೇಳುತ್ತಿದ್ದರು. ವೈದ್ಯನು ತನಗೆ ತಿಳಿದಂತೆ ಔಷಧಿ ಬದಲಿಸುತ್ತಲೇ ಇರಲು ಅವಕಾಶವಿಟ್ಟು, ಯಾರಿಗೆ ಯಾವುದು ಹೋಗುತ್ತಿದೆಯೆಂಬ ಗುಟ್ಟನ್ನೂ ಕಾಯ್ದುಕೊಂಡು, ಅದು ಸಾಧ್ಯವೆಂದು ಅಲ್ಲಿ ತೋರಿಸಲಾಯಿತು. ಮೂರು ಗುಂಪುಗಳ ಫಲವೂ ಹೆಚ್ಚುಕಡಿಮೆ ಸಮಾನವಾಗಿತ್ತು. ಇದನ್ನು ಆಯುರ್ವೇದದ ವಿಜಯವೆಂದು ಸಾರುವವರಿದ್ದಾರೆ. 43 ಜನರ ಅಧ್ಯಯನ ವಿಜಯವನ್ನು ಸಾರಲು ಸಾಲದು. ಅದನ್ನು ನಡೆಸಿದವರೇ ಅದನ್ನು ಪ್ರಾಥಮಿಕ ಅಧ್ಯಯನವೆಂದು ಕರೆದಿದ್ದಾರೆ. ನೂರಾರು ಜನರ ಮೇಲೆ ಅದನ್ನು ಮುಂದುವರಿಸಲು ಔಷಧಿ ಅರೆಯುವವರು ಬೇಕಾದಷ್ಟಿದ್ದಾರೆ. ರಕ್ತದ ಮಾದರಿಯನ್ನು ವರ್ಷಗಟ್ಟಲೆ ಶೀತದಲ್ಲಿ ಕಾಪಾಡುವವರು, ಅಂಕಿಯನ್ನು ತಿದ್ದದೆ ದಾಖಲಿಸುವವರು, ಆ ಅಂಕಿಯನ್ನು ಓದಬಲ್ಲವರು ಕಡಿಮೆ. (ಇದನ್ನು ಓದಿ ಯಾರೂ ಮೆಥೊಟ್ರೆಕ್ಸೇಟನ್ನು ತಾವಾಗಿಯೇ ನಿಲ್ಲಿಸಬಾರದು. ನಿಲ್ಲಿಸಿದ ಮೇಲೆ ಕೀಲು ಸೊಟ್ಟಗಾದರೆ ಯಾವ ಪದ್ಧತಿಯವರೂ ನೆಟ್ಟಗೆ ಮಾಡಲಾರರು.)

ಇನ್ನು ದಾರಿಗಳ ವಿಚಾರ. ಪಿ.ಯು.ಸಿ. ವಿಜ್ಞಾನದ ನಂತರ ಬೇಗನೆ ಉದ್ಯೋಗ ಬೇಕಾದವರಿಗೆ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ ಮತ್ತು ಬಿ.ಎಸ್‌ಸಿ. ಪದವಿಗಳಿವೆ. 2021ರಲ್ಲಿ ಸಂಸತ್ತು ಈ ವೃತ್ತಿಗಳಿಗೆಂದೇ ರಾಷ್ಟ್ರೀಯ ಆಯೋಗವನ್ನು ರಚಿಸುವ ಕಾಯಿದೆ ಮಾಡಿರುವುದರಿಂದ, ಇನ್ನು ಮುಂದೆ ಮಾನ್ಯತೆಯಿಲ್ಲದ ಕೋರ್ಸುಗಳಿಗೆ ಹಣ ಕಟ್ಟುವ ಮುನ್ನ ಬಹಳ ಎಚ್ಚರವಹಿಸಬೇಕು. ಸಂಶೋಧನೆಯನ್ನೇ ಬಯಸುವವರು ಬಿ.ಎಸ್‌ಸಿ., ಎಂ.ಎಸ್‌ಸಿ. ಮುಗಿಸಿ, ಸಿ.ಎಸ್.ಐ.ಆರ್.-ನೆಟ್‌ನಂತಹ ಪರೀಕ್ಷೆ ಪಾಸಾಗಿ ಪಿಎಚ್.ಡಿ.ಗೆ ಸೇರುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಗಳನ್ನು ಬಹಳ ಜನ ಬಲ್ಲರು. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಿದೆಯೆಂಬುದು ಉತ್ತರ ಕರ್ನಾಟಕದ ನಮ್ಮ ಓದುಗರಲ್ಲಿಯೇ ಎಷ್ಟೋ ಮಂದಿಗೆ ತಿಳಿದಿಲ್ಲ. ಬಿ.ಎ.ಎಂ.ಎಸ್. ಓದುತ್ತಿರುವವರಿಗೆ ಕೇಂದ್ರೀಯ ಆಯುರ್ವೇದ ಸಂಶೋಧನಾ ಪರಿಷತ್ತು ‘ಸ್ಪಾರ್ಕ್’ ಎಂಬ ಅಲ್ಪಾವಧಿ ಸಂಶೋಧನಾ ವೇತನವನ್ನು ನೀಡುತ್ತಿದೆ.

ಗಣಿತದಲ್ಲಿ ಚುರುಕಾಗಿದ್ದು ಜೀವಶಾಸ್ತ್ರದಲ್ಲಿ ಆಸಕ್ತಿಯಿರುವ ಮಕ್ಕಳನ್ನು ಇಂಜಿನಿಯರಿಂಗಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಈಗಿನ ರೂಢಿ. ಅವರಿಗೆ ಸಂಖ್ಯಾಶಾಸ್ತ್ರ, ಜೈವಿಕ ಮಾಹಿತಿ ವಿಜ್ಞಾನ ಎಂಬ ಕವಲುಗಳನ್ನು ತೋರಿಸಬೇಕು. ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಜೈವಿಕ ಮಾಹಿತಿ ವಿಜ್ಞಾನಕ್ಕೆಂದೇ ಮೀಸಲಾದ ಐ.ಬಿ.ಎ.ಬಿ. ಸಂಸ್ಥೆಯಿದೆ. ಈ ಕ್ಷೇತ್ರದ ಒಂದು ಸೊಗಸೆಂದರೆ ಕಲಿಯಲು ಪಟ್ಟಣಕ್ಕೇ ಹೋಗಬೇಕೆಂದಿಲ್ಲ. ಸಂಧಿವಾತದ ರೋಗಿಗಳ ಕೀಲಿನ ಪದರದಲ್ಲಿ, ಸೋರಿಯಾಸಿಸ್ ರೋಗಿಗಳ ಚರ್ಮದಲ್ಲಿ ಯಾವ ಯಾವ ಜೀನುಗಳು ಎಚ್ಚೆತ್ತಿವೆ ಎಂಬ ಮಾಹಿತಿಯನ್ನು ಜಗತ್ತಿನ ಸಂಶೋಧಕರು ‘ಜಿ.ಇ.ಒ.’ ಎಂಬ ಅಮೆರಿಕದ ಸಾರ್ವಜನಿಕ ಭಂಡಾರದಲ್ಲಿ ಇರಿಸುತ್ತಾ ಬಂದಿದ್ದಾರೆ. 2000ದಲ್ಲಿ ಆರಂಭವಾದ ಈ ಭಂಡಾರದ ಬಾಗಿಲು ಎಲ್ಲರಿಗೂ ಉಚಿತವಾಗಿ ತೆರೆದಿದೆ. ಅದನ್ನು ವಿಶ್ಲೇಷಿಸುವ ‘ಆರ್’, ‘ಪೈಥಾನ್’ ಎಂಬ ತಂತ್ರಾಂಶ ಭಾಷೆಗಳೂ ಉಚಿತ. ಕಲಿಸುವ ಪಾಠಗಳು ಸರ್ಕಾರದ ‘ಸ್ವಯಂ’ ಮತ್ತು ‘ಎನ್‌ಪಿಟೆಲ್’ ಜಾಲತಾಣಗಳಲ್ಲಿವೆ. ಒಂದು ಸಾಧಾರಣ ಕಂಪ್ಯೂಟರೂ ಇಂಟರ್‌ನೆಟ್ಟೂ ಇದ್ದರೆ, ಔರಾದಿನಲ್ಲಿಯೋ ಹಿರೇಕೆರೂರಿನಲ್ಲಿಯೋ ಕುಳಿತ ವಿದ್ಯಾರ್ಥಿನಿ ಲಂಡನ್ನಿನ ಸಂಶೋಧಕರ ಮುಂದಿರುವ ಅಂಕಿಗಳನ್ನೇ ತನ್ನ ಪರದೆಯ ಮೇಲೆ ತೆರೆಯಬಹುದು. ಶಾಸ್ತ್ರಗ್ರಂಥದ ಒಂದು ಓಲೆಪ್ರತಿಗಾಗಿ ಊರೂರು ಅಲೆದ ನಮ್ಮ ಗುರುಗಳ ಕಾಲಕ್ಕೆ ಇದು ಊಹೆಗೂ ನಿಲುಕದ ಮಾತು.

ಹಣದ ವಿಷಯವನ್ನು ಬಿಚ್ಚಿ ಹೇಳದಿದ್ದರೆ ತಪ್ಪಾಗುತ್ತದೆ. 2023ರ ಜನವರಿಯಿಂದ ಕಿರಿಯ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ಬಳಿಕ 42,000. ಜೊತೆಗೆ ಮನೆಬಾಡಿಗೆ ಭತ್ಯೆ. ಬೆಂಗಳೂರಿನಲ್ಲಿ ಒಬ್ಬರ ಜೀವನಕ್ಕೆ ಇದು ಸಾಕು, ಮನೆಗೆ ಕಳುಹಿಸಲು ಹೆಚ್ಚೇನೂ ಉಳಿಯದು. ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಬರುವುದೂ ಉಂಟು. ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ಆ ಮೇಲೂ ಕಾಯಂ ಹುದ್ದೆ ಕೈಯಲ್ಲಿಟ್ಟುಕೊಂಡು ಯಾರೂ ಕಾಯುತ್ತಿರುವುದಿಲ್ಲ. ಯೋಜನೆ ಮುಗಿದರೆ ಕೆಲಸವೂ ಮುಗಿಯುವ ತಾತ್ಕಾಲಿಕ ನೇಮಕಗಳೇ ಹೆಚ್ಚು. ಸಾಲ ಮಾಡಿ ಓದಿಸುವ ಮನೆಯವರು ಇದನ್ನು ಮೊದಲೇ ತಿಳಿದಿರಬೇಕು. ಖಾಸಗಿ ರಂಗದಲ್ಲಿ ದತ್ತಾಂಶ ಬಲ್ಲವರ ಸ್ಥಿತಿ ಇದಕ್ಕಿಂತ ಉತ್ತಮ. ಔಷಧಿಗಳ ಮಾನವ ಪರೀಕ್ಷೆಯ ಅಂಕಿಅಂಶಗಳನ್ನು ನಿರ್ವಹಿಸುವ ಕಂಪನಿಗಳು ಬೆಂಗಳೂರಿನಲ್ಲಿ ಹಲವಾರಿವೆ. ಉರಿಯೂತದ ರೋಗಗಳಿಗೆ ಬೇಕಾದ ಪ್ರತಿಕಾಯ ಔಷಧಿಗಳೂ ಇಲ್ಲಿಯೇ ತಯಾರಾಗುತ್ತಿವೆ. ಬಯೋಕಾನ್ ಕಂಪನಿ ಸೋರಿಯಾಸಿಸ್‌ಗಾಗಿ ಇಟೊಲಿಜುಮ್ಯಾಬ್ ಎಂಬ ಔಷಧಿಯನ್ನು 2013ರಲ್ಲಿ ಹೊರತಂದಿತು. ಅಂಥ ಒಂದು ಔಷಧಿಯ ಹಿಂದೆ ಜೀವಕೋಶ ಬೆಳೆಸುವವರು, ಶುದ್ಧತೆ ಪರೀಕ್ಷಿಸುವವರು, ಲೆಕ್ಕವಿಡುವವರು, ಕಡತ ಬರೆಯುವವರು ಸೇರಿ ಬಹಳ ಜನರ ದುಡಿಮೆಯಿರುತ್ತದೆ.

ಹೆಣ್ಣುಮಕ್ಕಳ ಪೋಷಕರಿಗೆ ಒಂದು ಮಾತು. ಪಿಎಚ್.ಡಿ.ಯ ವರ್ಷಗಳು ಮದುವೆಯ ಮಾತುಕತೆಯ ವರ್ಷಗಳೂ ಆಗಿರುತ್ತವೆ. “ಇಷ್ಟು ಓದಿದರೆ ಅದಕ್ಕೆ ತಕ್ಕ ವರ ಎಲ್ಲಿ ಸಿಗುತ್ತಾನೆ?” ಎಂಬ ಮಾತನ್ನು ನಾವು ಎಷ್ಟೋ ಮನೆಗಳಲ್ಲಿ ಕೇಳಿದ್ದೇವೆ, ನಾಲ್ಕನೆಯ ವರ್ಷದಲ್ಲಿ ಪ್ರಯೋಗಾಲಯ ಬಿಟ್ಟುಬಂದ ಹುಡುಗಿಯರನ್ನೂ ನೋಡಿದ್ದೇವೆ. ಸಂಧಿವಾತದ ರೋಗಿಗಳಲ್ಲಿ ಹತ್ತಕ್ಕೆ ಏಳು ಜನ ಹೆಂಗಸರಿರುವಾಗ, ಆ ರೋಗದ ಗುಟ್ಟನ್ನು ಬಿಡಿಸುವ ಮೇಜಿನಿಂದ ಹೆಂಗಸನ್ನೇ ಎಬ್ಬಿಸಿ ಕರೆತರುವುದು ನಮಗೆ ಸರಿಕಾಣುವುದಿಲ್ಲ. ಸೇರಿಸುವ ಮುನ್ನವೇ ಮನೆಯ ಹಿರಿಯರೆಲ್ಲ ಕುಳಿತು ಆರು ವರ್ಷಗಳ ಮಾತು ಕೊಡಬೇಕು.

ಸೇರುವ ಮೊದಲು ರುಚಿ ನೋಡುವ ಅವಕಾಶವೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ಅಕಾಡೆಮಿಗಳ ಜೊತೆಗೂಡಿ, ಪದವಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಬಳಿ ಕೆಲಸಕ್ಕೆ ಕಳುಹಿಸುತ್ತದೆ. ಅರ್ಜಿಯನ್ನು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಹಾಕಬೇಕಾಗುತ್ತದೆಯಾದ್ದರಿಂದ ದೀಪಾವಳಿಗಿಂತ ಮೊದಲೇ ಅಕಾಡೆಮಿಯ ಜಾಲತಾಣವನ್ನು ನೋಡುತ್ತಿರಬೇಕು. ಇನ್ನು ಬಯೋಟೆಕ್ನಾಲಜಿ ಎಂದು ದೊಡ್ಡ ಫಲಕ ಹಾಕಿದ ಕಾಲೇಜಿಗೆ ಹೋದಾಗ ಕಟ್ಟಡವನ್ನು ನೋಡಿ ಮರುಳಾಗದೆ, ಪ್ರಯೋಗಾಲಯದ ಬಾಗಿಲು ತೆರೆಸಿ ಒಳಗೆ ಹೋಗಿರಿ. ಸೂಕ್ಷ್ಮದರ್ಶಕಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಮೇಲೆ ಧೂಳು ಕುಳಿತಿದೆಯೇ, ಶೀತಯಂತ್ರದ ಉಷ್ಣತೆಯನ್ನು ಬರೆದಿಡುವ ಪುಸ್ತಕದಲ್ಲಿ ನಿನ್ನೆಯ ತಾರೀಖಿನ ಸಹಿ ಇದೆಯೇ, ಎರಡು ವರ್ಷದ ಹಿಂದೆ ಪಾಸಾದವರು ಈಗ ಎಲ್ಲಿದ್ದಾರೆ ಎಂದು ವಿಚಾರಿಸಿರಿ. ಆ ಪುಸ್ತಕ ಖಾಲಿಯಿದ್ದರೆ ಶುಲ್ಕ ಕಟ್ಟದೆ ಊರಿನ ಬಸ್ಸು ಹತ್ತಬಹುದು.